ಎಡಗಡೆಯ ಹಿಂದಿನ ಗಾಲಿ

ವಾಲ್ಪರೈಸೊದ ಗುಡ್ಡ ಹತ್ತುವ ಹಳಿಗಾಡಿಗೆ
ಟಿಕೇಟು ಕೊಡುವವಳು ನಾನು, ಹನ್ನೊಂದು ವರ್ಷದಿಂದ.
ನನಗೂ ಲೋಕಕ್ಕೂ ನಡುವೆ ಒಂದು ಗಾಜು,
ಗಾಜಿನ ಬುಡದಲ್ಲಿ ಅರ್ಧಚಂದ್ರದ ಕಂಡಿ:
ಕಾಸು ನುಸುಳುತ್ತದೆ, ಬೆರಳು ನುಸುಳುತ್ತದೆ,
ಮೊಣಕೈ ನುಸುಳುವುದಿಲ್ಲ.
ಅದನ್ನು ಕೊರೆದವನು ಯಾರೋ, ಬಲು ಜಾಣ.

ಆಗಸ್ಟಿನಲ್ಲಿ, ನನ್ನ ಅವಳಿಗಳು ನಡೆಯಲು ಕಲಿತ ಮೇಲೆ,
ಅವರ ಜೋಡಿ ತಳ್ಳುಗಾಡಿಯನ್ನು ಮಾರಲು ಹಾಕಿದೆ ಫೋನಿನಲ್ಲಿ.
ನೀಲಿ ಬಟ್ಟೆ, ಗಟ್ಟಿ ಬ್ರೇಕು, ನಲವತ್ತು ಸಾವಿರ ಪೆಸೊ.
ಒಂದು ಗಾಲಿ, ಎಡಗಡೆಯ ಹಿಂದಿನದು,
ಕಿರುಗುಟ್ಟುತ್ತದೆ ಎಂದೂ ಬರೆದೆ.
ತನ್ನ ಮೊಸರು ಹುಳಿ ಅನ್ನುವವಳು ನೀನೊಬ್ಬಳೇ
ಎಂದು ತಂಗಿ ಇಸ್ಮೇನಿಯ ನಕ್ಕಳು.

ಏಳೇ ನಿಮಿಷ, ಬಂದೇಬಿಟ್ಟ ಒಬ್ಬ.
ಹೆಸರು ಎವರಿಸ್ಟೊ, ಊರು ದೂರದ ಆಂತೊಫಗಾಸ್ತ.
ಚೌಕಾಸಿಯಿಲ್ಲ. "ದೇವರು ಒಳ್ಳೆಯದು ಮಾಡಲಿ ಸೋದರಿ,
ಹಣ ಕಳಿಸಿಬಿಟ್ಟೆ, ನಿಮ್ಮ ಕಡೆಯೇ ಏನೋ ತಡೆದಿದೆ.
ಕಾರ್ಡಿನ ಫೋಟೊ ಹಾಕಿ, ಮುಂದೆ, ಹಿಂದೆ.
ಈಗ ಆರು ಅಂಕಿ ಬರುತ್ತವೆ ನೋಡಿ, ಅವನ್ನೂ ಹೇಳಿಬಿಡಿ,
ಬೇಗ, ಇಲ್ಲಿ ಮಗು ಅಳುತ್ತಿದೆ."

ಬಂದವು ಆರು ಅಂಕಿ, ನಿಜವಾಗಿಯೇ ಬಂದವು.
ಕಾರ್ಡು ಅಡುಗೆಮನೆಯ ಮೇಜಿನ ಮೇಲೆ ಅಂಗಾತ ಮಲಗಿತ್ತು.
ಮುಖದ ಫೋಟೊ ತೆಗೆದೆ, ಸುಳ್ಳೇಕೆ ಹೇಳಲಿ.
ಬೋರಲು ಹಾಕಿದೆ.
ಹಿಂಬದಿಯ ಮೂರು ಪುಟಾಣಿ ಅಂಕಿಗಳು
ಬೆನ್ನಿನ ಮಚ್ಚೆಗಳ ಹಾಗೆ ಕಂಡವು;
ಕಾರಣ ಕೇಳದೆ ಡಾಕ್ಟರಿಗೂ ಬೆನ್ನು ತೋರಿಸಿದವಳಲ್ಲ ನಾನು.

ಆಗ ಹೊಳೆಯಿತು, ಈ ಮನುಷ್ಯ ಗಾಲಿಯ ಮಾತೇ ಎತ್ತಿಲ್ಲ!
ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ,
ಗಾಡಿಗೆ ಬಂದವನು ಗಾಲಿಗೆ ಬಾರದಿರುತ್ತಾನೆಯೇ?
"ಯಾವ ಗಾಲಿ ಕಿರುಗುಟ್ಟುತ್ತದೆ, ಹೇಳಿ" ಅಂದೆ.
ಮೂರು ಚುಕ್ಕಿ ಕುಣಿದವು,
ನಿಂತವು, ಮತ್ತೆ ಕುಣಿದವು,
ಆಮೇಲೆ ಅವನ ಚಿತ್ರವಿದ್ದಲ್ಲಿ ಬರೀ ಬೂದು ವೃತ್ತ.
ಆರು ಅಂಕಿಗಳು ಯಾರ ಬಾಯಿಗೂ ಬೀಳದೆ
ನನ್ನ ಮೇಜಿನ ಮೇಲೇ ಸತ್ತವು.

ಮೂರು ದಿನ ಮಾರಾಟದ ಗೊಡವೆಗೇ ಹೋಗಲಿಲ್ಲ.
ಕಂಡಿಯಲ್ಲಿ ತೂರಿದ ಪ್ರತಿ ಕೈಯೂ ಅವನದೇ ಅನಿಸಿ
ಒಬ್ಬ ಅಜ್ಜನ ನೂರರ ನಾಣ್ಯವನ್ನು ಎರಡು ಸಲ ತಿರುಗಿಸಿ ನೋಡಿದೆ.
ಪಾಪ, ನಾಚಿಕೊಂಡ.
ಯಾರನ್ನೂ ನಂಬಲೇಬೇಡ ಅಂದಳು ತಂಗಿ.
ಹಾಗಾದರೆ ಈ ಹಳಿಗಾಡಿಯನ್ನೇ ಹತ್ತಬಾರದು,
ಮೇಲೆಳೆಯುವ ಹಗ್ಗವನ್ನು ಯಾರು ಹೋಗಿ ನೋಡಿದ್ದಾರೆ?

ಶುಕ್ರವಾರ ಇನ್ನೊಬ್ಬ ಬಂದ, ಬರೀ ಅನುಮಾನದ ಗಂಟು.
"ಗಾಲಿಗೆ ಎಣ್ಣೆ ಬಿಟ್ಟಿದ್ದೀರಾ? ತೊಂದರೆ ಬೇರಿಂಗಿನದೋ, ಅಚ್ಚಿನದೋ?
ಗಾಡಿ ನಿಮ್ಮ ಬಳಿಯೇ ಇದೆ ಅನ್ನುವುದಕ್ಕೆ ಗುರುತೇನು?
ಒಂದು ನಿಂಬೆಹಣ್ಣು ಇಟ್ಟು ಫೋಟೊ ಕಳಿಸಿ, ಈಗಲೇ."
ನಗು ಬಂತು. ನಾನೇ ಕಳ್ಳಿ ಇರಬಹುದೆಂದು
ಎದುರು ಗುಡ್ಡದಲ್ಲೊಬ್ಬ ನಿದ್ದೆಗೆಟ್ಟಿದ್ದಾನೆ!
ನಿಂಬೆಹಣ್ಣನ್ನು ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಕ್ಲಿಕ್ಕಿಸಿದೆ.

ಅವನಿಗೆ ಕೊಟ್ಟದ್ದು ಹೆಸರು, ಬ್ಯಾಂಕು, ಖಾತೆಯ ನಂಬರು.
ಅದು ಮನೆ ನಂಬರಿದ್ದಂತೆ, ಅಂಚೆಯವನಿಗೂ ಗೊತ್ತು;
ಬೀಗದ ಕೈ ನನ್ನ ಏಪ್ರನ್ನಿನ ಜೇಬಿನಲ್ಲೇ ಇತ್ತು.
ಹಗಲು ಹೊತ್ತು, ಗುಡ್ಡದ ಬುಡದಲ್ಲಿ, ನನ್ನ ಗಾಜಿನೆದುರೇ ವ್ಯವಹಾರ.
ಅವನು ಚಾಚಿದ ರಶೀದಿಯನ್ನು ನಾನು ನೋಡಲಿಲ್ಲ,
ನನ್ನ ಬ್ಯಾಂಕನ್ನೇ ತೆರೆದು ನೋಡಿದೆ.
ಅವನು ಬೇಸರಪಡಲಿಲ್ಲ; ನಾಲ್ಕನೆಯ ಸಲ
ಬ್ರೇಕು ಒತ್ತುವುದರಲ್ಲಿ ಮುಳುಗಿದ್ದ.

ಲಿಸಾಂದ್ರೊ ಕಾಯುಪಾನ್ ಬರ್ರಿಯೆಂತೊಸ್,
ಬ್ಯಾಂಕು ತೋರಿಸಿತು, ತಾಯಿಯ ಮನೆತನದ ಸಮೇತ.

ರಾತ್ರಿ ಒಂದು ಸಂದೇಶ:
"ನಿಂಬೆಹಣ್ಣೂ ಜೊತೆಗೆ ಬಂದುಬಿಟ್ಟಿದೆ. ವಾಪಸು ಬೇಕೆ?"
ಹಿಂಡಿಕೊಳ್ಳಿ ಅಂದೆ. ಗಾಲಿ ಹೇಗಿದೆ ಅಂದೆ.
"ಕಿರುಗುಟ್ಟುತ್ತಿದೆ" ಎಂದ,
"ನೀವು ಹೇಳಿದ ಗಾಲಿಯೇ."