ಅನುಬಂಧ ಬಿ

ಯಾಬ್ಲೊನೆಟ್ಸ್ ಊರಿನ ಕೊನೇ ಬೀದಿ.
ದ್ರಾಹೊಮೀರಳ ಅಡುಗೆಮೇಜಿನ ಮೇಲೆ
ನಲವತ್ತೊಂದು ಪುಟದ ಕರಾರು,
ಪಕ್ಕದಲ್ಲೇ ಅರ್ಧ ಕೊಯ್ದ ಈರುಳ್ಳಿ.

ಬಂದವನು ರೈಲಿನ ಸಿಗ್ನಲ್ ದೀಪದ ಕಂಪನಿಯ ವಕೀಲ.
ಅವಳ ಗಾಜಿನ ಮಣಿಯ ಕೆಂಪು ಅವರಿಗೆ ಬೇಕಂತೆ.
ಕೊರಳ ಮೇಲೆ ಕಣ್ಣು ನಿಲ್ಲಲೆಂದು ಹುಟ್ಟಿದ್ದು
ಇನ್ನು ಗೂಡ್ಸು ಗಾಡಿ ನಿಲ್ಲಿಸಬೇಕು.

"ಪೇಟೆಂಟು ಹೋದ ಮಾರ್ಚಿಗೇ ಮುಗಿದಿದೆ."
ಗೊತ್ತು. ಗಂಡ ಹೋದದ್ದೂ ಅದೇ ವಾರ.
"ಹೆಸರು ಮಾತ್ರ ನಿಮ್ಮದೇ.
ಹತ್ತು ವರ್ಷಕ್ಕೊಮ್ಮೆ ದುಡ್ಡು ಕಟ್ಟಿದರೆ
ಹೆಸರಿಗೆ ಸಾವಿಲ್ಲ."
ಅವಳು ಇನ್ನರ್ಧ ಈರುಳ್ಳಿ ಕೊಯ್ದಳು.

"ಉಳಿದದ್ದು ಗುಟ್ಟು. ಅನುಬಂಧ ಬಿ.
ಬಿಡಿಸಿ ಹೇಳಿ: ಎಷ್ಟು ಡಿಗ್ರಿ, ಎಷ್ಟು ಹೊತ್ತು?"

ಡಿಗ್ರಿ ಯಾರು ನೋಡಿದರು?
ಕುಲುಮೆಯ ಮುಂದೆ ಜೆರಿಕ್ ಮಲಗಿರುತ್ತಿತ್ತು,
ಕುಂಟುನಾಯಿ.
ಅದು ಗೊಣಗುತ್ತ ಎದ್ದು
ಬಾಗಿಲ ಬಳಿ ಮಗ್ಗುಲು ಹಾಕಿದರೆ
ಕೆಂಪು ಕೂತಿತು ಅಂತ.
ಮೂಗು ಹೊಸ್ತಿಲಾಚೆ ಚಾಚಿತೋ, ಕೆಟ್ಟಿತು,
ಮಣಿ ಪಿತ್ತಕೋಶದ ಬಣ್ಣ.

ಪೆನ್ನು ನಿಂತಿತು. "ನಾಯಿ ಈಗ?"
"ಸೇಬಿನ ಮರದ ಕೆಳಗೆ."
ಪಾಪ, ಕಿಟಕಿಯಿಂದ ಬಗ್ಗಿ ನೋಡಿದ.
ಹುಲ್ಲು ಬೆಳೆದಿತ್ತು.

"ಮತ್ತೆ ಈಗ ಹೇಗೆ?"
"ಈಗ ನಾನೇ.
ಕಾವು ತಾಳದೆ ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತೇನೆ.
ನೆಲದ ಕಲ್ಲು ನಾಲ್ಕು ದಾಟಿದರೆ
ಕೆಂಪು."

ಅವನು ನಾಲ್ಕು ಅಂತ ಬರೆದ, ಹೊಡೆದುಹಾಕಿದ,
ಮತ್ತೆ ಬರೆದ. ಕಲ್ಲಿನ ಅಳತೆ ಕೇಳಿದ.
ಕುರ್ಚಿಯ ಎತ್ತರವನ್ನೂ.

ನಿಮ್ಮ ವಯಸ್ಸು ಅಂತ ಕೇಳಲು ಬಾಯಿ ತೆರೆದವನು
ಸುಮ್ಮನಾದ.

ಈರುಳ್ಳಿ ಕೈಯಲ್ಲೇ ಸಹಿ ಮಾಡಿದಳು.
ಪುಟ ತಿರುವುತ್ತ ವಕೀಲ
ಕಣ್ಣು ಒರೆಸಿಕೊಂಡ.