ಕುಣಿಮಗ್ಗದಾಗ ಬಿದ್ದ ಕತಿ

ನಾಕು ವರ್ಷದಾಕಿ ಇದ್ದೆನಂತ.
ಅಪ್ಪ ಊಟಕ್ಕ ಎದ್ದಿದ್ದನಂತ, ಕುಣಿ ಬಾಯಿ ತಕ್ಕೊಂಡು ಕುಂತಿತ್ತಂತ,
ಲಾಳಿ ಹಿಡಿಯಾಕ ಬಗ್ಗಿ ಮಾರಿ ಡಬ್ಬಾಗಿ ಬಿದ್ದೆನಂತ.
ಎರಡು ಹಲ್ಲು ಅಲ್ಲೇ ಉದುರಿದುವಂತ,
ಬೇರು ಸತ್ತು ಮುಂದ ಚಿಗೀಲೇ ಇಲ್ಲಂತ.
ಅವ್ವ ಅರಿಶಿಣ ಒತ್ತಿದಳಂತ.
ಅರ್ಧ ನೇಯ್ದ ಸೀರಿಗೆ ಒಂದು ಹನಿ ರಕ್ತ ಹತ್ತಿ
ಸೇಠಜಿ ಇಪ್ಪತ್ತು ರೂಪಾಯಿ ಮುರಕೊಂಡನಂತ.

ಇಷ್ಟು ವಿವರ ಇದ್ದ ಮ್ಯಾಲ
ಸುಳ್ಳಂತ ಯಾರಂತಾರ?
ನನಗೂ ನೆನಪಿತ್ತು ಮತ್ತ:
ಕುಣಿ ಮಣ್ಣಿನ ತಂಪು, ತುಟಿ ಮ್ಯಾಲ ಉಪ್ಪು.

ಗುಳೇದಗುಡ್ಡದವರು ನೋಡಾಕ ಬಂದಾಗ
ಅವಲಕ್ಕಿ ತಾಟು ಇಟ್ಟು ಅವ್ವ ಇದನ್ನೇ ಹೇಳಿದಳು,
ಲಾಳಿಯಿಂದ ಸುರು ಮಾಡಿ ಸೇಠಜಿತನಕ.
ಅವರೊಳಗ ಹಿರ್ಯಾರೊಬ್ಬರು ಚಹಾ ಬಸಿ ಕೆಳಗಿಟ್ಟು,
"ಬಿದ್ದದ್ದಾದರ ತ್ರಾಸಿಲ್ಲ ಬಿಡ್ರಿ ಚೌಡವ್ವ,
ಮಕ್ಕಳಿಗೆ ಇಳಿಯೂದಲ್ಲ ಅದು" ಅಂದ್ರು.
ಅವ್ವ ನಕ್ಕಳು, ಸೆರಗು ಬಾಯಿಗೆ ಹಿಡಕೊಂಡು.
ಆಕಿ ನಗತಿದ್ದದ್ದೇ ಹಂಗ.

ಈಗ ನನ್ನ ಮಗಳು ಇಂಚರಾಗ ಹನ್ನೆರಡು.
ಹಾಲ್ಹಲ್ಲು ಬಿದ್ದು ನಾಕು ಬ್ಯಾಸಿಗಿ ಆದುವು.
ಸಗಣಿ ಉಂಡ್ಯಾಗ ಇಟ್ಟು ಮಾಳಿಗಿ ಮ್ಯಾಲ ಒಗದಿದ್ವಿ.
ಈಗೆಲ್ಲಿ ಮಾಳಿಗಿ, ಸ್ಲ್ಯಾಬು.
ನೀರಿನ ಟಾಕಿಗೆ ಬಡದು ಹೊಳ್ಳಿ ಅಂಗಳಕ್ಕ ಬಂತು,
ಇನ್ನೊಮ್ಮೆ ಒಗದ್ವಿ.
ಹೊಸಾ ಹಲ್ಲು ಬರಲಿಲ್ಲ. ಕೋರೆಹಲ್ಲು ಬಂದು
ಖಾಲಿ ಸೀಟಿಗೆ ಟವೆಲ್ ಒಗದವರಂಗ
ಆ ಜಾಗಾ ಹಿಡದಾವು.
ಸಾಲ್ಯಾಗ ಬೆಕ್ಕು ಅಂತಾರ.

ಧಾರವಾಡದ ಹಲ್ಲಿನ ಆಸ್ಪತ್ರ್ಯಾಗ
ಒಂದು ಯಂತ್ರ ಆಕಿ ತಲಿ ಸುತ್ತ ಸಾವಕಾಶ
ಪ್ರದಕ್ಷಿಣಿ ಹಾಕಿತು.
ಡಾಕ್ಟರು ಸಣ್ಣ ವಯಸ್ಸಿನಾಕಿ, ಪರದೆ ಮ್ಯಾಲ ಬೆರಳಿಟ್ಟು,
"ಇಲ್ಲಿ ಮೊಳಕಿ ಇಲ್ಲರಿ. ಇಲ್ಲೂ ಇಲ್ಲ.
ತಡ ಆಗೇತಿ ಅಂತಲ್ಲ, ಬರೂದೇ ಇಲ್ಲ."
ಆಮ್ಯಾಲ ನನ್ನ ಬಾಯಿ ನೋಡಿದಳು.
"ನಿಮ್ಮದೂ ಒಂದು ತಗಿಯೂಣೇನ್ರಿ?"

ಬ್ಯಾಡ್ರಿ, ನಂದು ಬಿದ್ದದ್ದು, ಅಂದೆ.
ಲಾಳಿ, ಕುಣಿ, ಅರಿಶಿಣ. ಸೇಠಜೀನ್ನ ಬಿಟ್ಟೆ.
ಬೀಗರು ಕೇಳಿದಂಗೇ ಪೂರ್ತಿ ಕೇಳಿದಳು.
ಕೇಳಿ, ತಗದಳು.

ಕರೀ ಪರದೆ ಮ್ಯಾಲ ಎರಡು ದವಡಿ, ಪಕ್ಕಪಕ್ಕ.
ಅದೇ ಎರಡು ಸಂದು. ಹಿಂದ, ಯಾರಿಗೂ ಕಾಣದಲ್ಲಿ,
ನನ್ನ ನಾಕೂ ಬುದ್ಧಿಹಲ್ಲು ಇಲ್ಲ.
"ನೀವು ಬಿದ್ದಿರಬಹುದ್ರಿ," ಅಂದಳು,
"ಹಲ್ಲು ಬಿದ್ದಿಲ್ಲ. ಹುಟ್ಟೇ ಇಲ್ಲ."

ಅಪ್ಪ ಒಮ್ಮೆ ತೋರಿಸಿದ್ದ,
ಫಣ್ಯಾಗಿನ ಒಂದು ಹಲ್ಲು ಹೋದರ
ಬಟ್ಟಿ ಉದ್ದಕ್ಕೂ ಒಂದು ತೆಳ್ಳನ್ನ ಗೆರಿ ಬೀಳತೈತಿ.
ಒಂದು ಸೀರಿಗೆ ನಿಲ್ಲೂದಿಲ್ಲ ಅದು,
ಹಾಸು ಮುಗಿಯೂತನಕ ಎಲ್ಲಾ ಸೀರ್ಯಾಗೂ ಬರತೈತಿ.
"ಗಿರಾಕಿಗೆ ಡಿಸೈನ್ ಅಂತ ಹೇಳೂದು" ಅಂದು ನಕ್ಕಿದ್ದ.
ಅವ್ವ ಕಂಡಿಕಿ ಸುತ್ತೂದು ನಿಲ್ಲಿಸಿ
ಅವನ ಮಾರಿ ನೋಡಿದ್ದಳು.

ನನಗ ತಿಳವಳಿಕಿ ಬರೂದ್ರಾಗ
ಅವ್ವ ಕಟ್ಟಿಸಿದ ಹಲ್ಲು ಹಾಕತಿದ್ದಳು.
ರಾತ್ರಿ ಸ್ಟೀಲ್ ಲೋಟದಾಗ ಅವು,
ಗ್ವಾಡಿ ಕಡೆ ಹೊಳ್ಳಿ ಮಲಗಿದ ಆಕಿ.
ಕಡೀಗೆ ಬಾಯಾಗ ನೀರು ಬಿಟ್ಟವಳು ನಾನೇ.
ಕಣ್ಣು ತುಂಬಿ ಏನೂ ಕಾಣಲಿಲ್ಲ,
ಇಲ್ಲಾಂದ್ರ ನೋಡಬಹುದಿತ್ತು.

ಬೆಟಗೇರಿ ಬಸ್ಸು. ನನ್ನ ತೊಡಿ ಮ್ಯಾಲ ಚೀಲ,
ಅದರ ಮ್ಯಾಲ ಎಕ್ಸರೇ ಲಕ್ಕೋಟಿ, ಹಾರಬಾರದಂತ ಎರಡೂ ಕೈ.
ಕುಣಿ ಮಣ್ಣು ಇನ್ನೂ ತಣ್ಣಗೇ ಐತಿ ನನ್ನ ಗಲ್ಲಕ್ಕ,
ಎಲ್ಲಿಂದ ಬಂತದು?

ಅಣ್ಣಿಗೇರಿ ದಾಟಿದ ಮ್ಯಾಲ ಇಂಚರಾ ಕೇಳಿದಳು,
"ಅವ್ವಾ, ನಾ ಏನಂತ ಹೇಳ್ಲಿ?
ಸೈಕಲ್ ಮ್ಯಾಲಿಂದ ಬಿದ್ದೆ ಅಂತೀನಿ. ಇಲ್ಲಾ
ಮಂಗ್ಯಾ ಕಸಗೊಂಡು ಹೋತು."

ಸೆರಗು ಹುಡುಕಾಕ ಕೈ ಖಾಲಿ ಇರಲಿಲ್ಲ.
ಗಾಳಿ ಸೀದಾ ಬಾಯಾಗ ಹೊಕ್ಕಿತು,
ಎರಡೂ ಸಂದಿನಾಗಿಂದ.
ಕಂಡಕ್ಟರ್ ಹೊಳ್ಳಿ ನೋಡಿದ,
ಮತ್ತ ಚಿಲ್ಲರಿ ಎಣಿಸಾಕ ಹತ್ತಿದ.