ಚುಕ್ಕಿಯಿಂದ ಶುರುವಾಗುವ ಕಡತ

ನಾರಿನ್, ಮಾರ್ಚ್. ಹೀಟರಿನ ಮೇಲೆ ಒದ್ದೆ ಕೈಗವಸು.
ಬೆಳಗಿನ ಜಾವ ಎಲ್ಲೋ ನೆಲ ಮಿಸುಕಿದೆ,
ಅಂಕಿಗಳು ಬಂದು ಬಿದ್ದಿವೆ, ಲೆಕ್ಕವಾಗಬೇಕು.
ಬುರುಲ್ಚಾ ತಂತ್ರಾಂಶದ ಹೆಸರು ಒತ್ತಿದಳು.
ಅಂಥದ್ದೊಂದು ಆದೇಶವೇ ಇಲ್ಲ, ಎಂದಿತು ಪರದೆ.

ಇದೆ. ನಿನ್ನೆ ತಾನೇ ಇಳಿಸಿದ್ದಾಳೆ, ಮೂರು ಗಂಟೆ ಕಾದು.
ಕಂಕುಳಲ್ಲೇ ಕೂಸು, ಊರೆಲ್ಲ ಹುಡುಕಾಟ.

ತೆರೆದಳು ಆ ಕಡತ,
ಹೆಸರಿನ ಮುಂದೊಂದು ಚುಕ್ಕಿ.
ಚುಕ್ಕಿಯಿಟ್ಟರೆ ಎದ್ದು ಕಾಣುವುದು ಹಣೆ;
ಇಲ್ಲಿ ಚುಕ್ಕಿಯಿಟ್ಟದ್ದೇ ಕಾಣೆ.

ಒಳಗೆ ಎಸೆನ್‌ಕುಲ್ ನಿವೃತ್ತಿಗೆ ಮುಂಚೆ ಬಿಟ್ಟುಹೋದ ಸಾಲುಗಳು.
ಒಂದರ ಪಕ್ಕ:
"ಇದನ್ನು ಅಳಿಸಬೇಡಿ. ಯಾಕೆಂದು ನನಗೂ ಮರೆತಿದೆ."
ಅಳಿಸಲಿಲ್ಲ.
ಕೆಳಗೆ ತನ್ನದೊಂದು ಸೇರಿಸಿದಳು: ಇಲ್ಲಿ ಹುಡುಕು.

ಹೊಸ ಹಾದಿ ಬರೆಯುವ ಭರದಲ್ಲಿ
ಹಳೆಯದನ್ನು ಕೂಡಿಸುವುದು ಬಿಟ್ಟೇಹೋಯಿತು.
ಹೊರಗೆ ಹೋಗಿ ಮತ್ತೆ ಒಳಗೆ ಬಂದರೆ
ಪಟ್ಟಿ ಕೊಡು ಎಂದರೂ ಗೊತ್ತಿಲ್ಲ,
ತಿದ್ದೋಣವೆಂದರೆ ತಿದ್ದುವವನೇ ಗೊತ್ತಿಲ್ಲ.
ನಿನ್ನೆಯವರೆಗೆ ಬರೀ ಹೆಸರಿಗೆ ಓಗೊಟ್ಟವರನ್ನು
ಇಂದು ಬೇರಿನಿಂದ ಹಿಡಿದು, ಓಣಿ ಓಣಿ ಹೇಳಿ,
ಪೂರ್ತಿ ವಿಳಾಸದಲ್ಲಿ ಕರೆಯಬೇಕು.

ಕರೆದಳು. ತಿದ್ದಿದಳು.
ಹಳೆಯ ಹಾದಿ,
ನಡುವೆ ಒಂದರ ಮೇಲೊಂದು ಎರಡು ಚುಕ್ಕಿ,
ಆಮೇಲೆ ಹೊಸದು.

ಚಹಾ ಆರಿತ್ತು. ಪರದೆಯ ಮೇಲೆ ಅಲೆ ಏಳುತ್ತಿತ್ತು:
ಕೊಚ್ಕೋರ್ ಕಡೆ, ಹನ್ನೆರಡು ಕಿಲೋಮೀಟರ್ ಆಳ,
ಲಾಯದ ಕುದುರೆಯೂ ಕಿವಿ ನಿಮಿರಿಸದಷ್ಟು ಸಣ್ಣದು.

ತನ್ನ ಸಾಲಿನ ಪಕ್ಕ ಅವಳೂ ಬರೆದಳು,
ಮುಂದೆ ಈ ಕುರ್ಚಿಗೆ ಬರುವವರಿಗೆ:
"ಅಳಿಸಬೇಡಿ. ಯಾಕೆಂದರೆ"

ಅಷ್ಟರಲ್ಲಿ ಫೋನು ಬಂತು.